ಹೆದ್ದಾರಿಯ ಫಲಕವನ್ನೂ ಟೋಲ್ ದರಪಟ್ಟಿಯನ್ನೂ ಓದುವುದು ಹೇಗೆ?

ಕಾಪು, ಪಡುಬಿದ್ರಿ, ಬ್ರಹ್ಮಾವರದಂತಹ ಪೇಟೆಗಳಲ್ಲಿ ಹಳೆಯ ಅಂಗಡಿಗಳ ನಾಮಫಲಕದ ಕೊನೆಯ ಸಾಲನ್ನು ಗಮನಿಸಿದರೆ ‘ರಾ.ಹೆ. 17’ ಎಂಬ ವಿಳಾಸ ಇಂದಿಗೂ ಕಾಣಸಿಗುತ್ತದೆ. ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ 2010ರಲ್ಲಿ ಹೊಸ ಸಂಖ್ಯೆ ಕೊಟ್ಟಾಗಲೇ ನಮ್ಮ 17 ಎಂಬುದು 66 ಆಗಿಹೋಯಿತಾದರೂ ಅಂಗಡಿಯವರ ಬಾಯಲ್ಲಿ, ಮದುವೆ ಕಾಗದದಲ್ಲಿ ಅದು ಹದಿನೇಳಾಗಿಯೇ ಉಳಿದಿದೆ. ಮೈಸೂರಿನಿಂದ ಕಟಪಾಡಿಯ ಮದುವೆಗೆ ಹೊರಟಿದ್ದ ನಮ್ಮ ನೆಂಟರೊಬ್ಬರು ಕಾಗದದಲ್ಲಿದ್ದ ಆ ಹದಿನೇಳನ್ನು ದಾರಿಯುದ್ದಕ್ಕೂ ಹುಡುಕುತ್ತಾ, ಕಟಪಾಡಿಯನ್ನೂ ಉಡುಪಿಯನ್ನೂ ದಾಟಿ, ಸಾಸ್ತಾನದಲ್ಲಿ ಟೋಲ್ ಕಟ್ಟಿದ ಮೇಲೆ ಫೋನ್ ಮಾಡಿದರು. ಹಿಂದಿರುಗುವಾಗ ಅದೇ ಗೇಟಿನಲ್ಲಿ ಮತ್ತೊಮ್ಮೆ ಕಟ್ಟಿದರು. ಮುಹೂರ್ತ ಮಾತ್ರ ಅವರಿಗಾಗಿ ಕಾಯಲಿಲ್ಲ.

ತಲಪಾಡಿಯಿಂದ ಶಿರೂರಿನವರೆಗಿನ ರಸ್ತೆಯಲ್ಲಿ ಕಾರು ಓಡಿಸುವವರು ಫಲಕ, ಮೈಲಿಗಲ್ಲು, ದರಪಟ್ಟಿಗಳನ್ನು ಯಾವ ಕ್ರಮದಲ್ಲಿ ಓದಿಕೊಂಡರೆ ಸಮಯವೂ ಹಣವೂ ಉಳಿಯುತ್ತದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಯಾವ ರಸ್ತೆಯಲ್ಲಿದ್ದೀರಿ ಎಂಬುದನ್ನು ತಿಳಿಯಿರಿ

ಹೊಸ ಸಂಖ್ಯೆಗಳನ್ನು ಮನಬಂದಂತೆ ಹಂಚಿಲ್ಲ. ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮವಾಗಿ ಸಾಗುವವುಗಳಿಗೆ ಬೆಸಸಂಖ್ಯೆ. ಸಮಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತವೆ. ಸಮುದ್ರದ ಅಂಚಿನಲ್ಲೇ ಸಾಗುವ ನಮ್ಮ ರಸ್ತೆಗೆ 66 ಎಂಬ ದೊಡ್ಡ ಸಂಖ್ಯೆ ಬಂದದ್ದು ಹಾಗೆ. ಬೆಸಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ. ಆದ್ದರಿಂದ ಹೊನ್ನಾವರದಿಂದ ಘಟ್ಟ ಹತ್ತುವ ರಸ್ತೆ 69, ಅದಕ್ಕಿಂತ ದಕ್ಷಿಣಕ್ಕೆ ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಸ್ತೆ 75. ಮೂರಂಕಿಯ ಸಂಖ್ಯೆ ಕಂಡರೆ ಅದನ್ನು ಕವಲು ಎಂದು ತಿಳಿಯಬೇಕು. ಅದರ ಕೊನೆಯ ಎರಡು ಅಂಕಿಗಳೇ ತಾಯಿರಸ್ತೆಯ ಗುರುತು. ಬಂಟ್ವಾಳದಿಂದ ಪುತ್ತೂರು, ಸುಳ್ಯ, ಮಡಿಕೇರಿಯ ಮೇಲೆ ಮೈಸೂರಿಗೆ ಹೋಗುವ 275 ಎಂಬುದು 75ರ ಕವಲು. ಮಂಗಳೂರಿನ ನಂತೂರಿನಿಂದ ಮೂಡುಬಿದಿರೆ, ಕಾರ್ಕಳದತ್ತ ಸಾಗುವ 169 ಎಂಬುದು 69ರ ಕವಲು. ತೀರ್ಥಹಳ್ಳಿಯಲ್ಲಿ 169ರಿಂದ ಒಡೆದು ಆಗುಂಬೆ, ಹೆಬ್ರಿಯ ಮೂಲಕ ಉಡುಪಿಗೆ ಇಳಿಯುವ ರಸ್ತೆಗೆ 169ಎ ಎಂದು ಹೆಸರು. ಅದು ಕವಲಿಗೊಂದು ಕವಲು.

ಫಲಕ ಕಾಣದ ಕಡೆ ಕಲ್ಲನ್ನು ನೋಡಬಹುದು. ಮೈಲಿಯ ಲೆಕ್ಕ ಹೋಗಿ ಕಾಲವಾದರೂ ನಾವು ಮೈಲಿಗಲ್ಲು ಎಂದೇ ಕರೆಯುವ ಈ ಕಲ್ಲುಗಳ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾಗಿದ್ದರೆ ಗ್ರಾಮೀಣ ರಸ್ತೆ. ಪಡುಬಿದ್ರಿಯಲ್ಲಿ 66ನ್ನು ಬಿಟ್ಟು ಕಾರ್ಕಳದ ಕಡೆಗೆ ತಿರುಗಿದರೆ ನೀವು ರಾಜ್ಯ ಹೆದ್ದಾರಿ 1ರಲ್ಲಿರುತ್ತೀರಿ. ಈ ವ್ಯತ್ಯಾಸ ಬರೀ ಬಣ್ಣದ್ದಲ್ಲ. ರಾಷ್ಟ್ರೀಯ ಹೆದ್ದಾರಿಯ ಸುಂಕದ ನಿಯಮಗಳೂ ಪಾಸುಗಳೂ ರಾಜ್ಯ ಹೆದ್ದಾರಿಯ ಗೇಟುಗಳಿಗೆ ಅನ್ವಯಿಸುವುದಿಲ್ಲ.

ಎರಡನೆಯ ಹಂತ: ಅಕ್ಷರಕ್ಕೆ ಮೊದಲು ಆಕಾರವನ್ನು ಓದಿರಿ

ಆಷಾಢದ ಮಳೆಯಲ್ಲಿ ವೈಪರ್ ಎಷ್ಟು ಬೀಸಿದರೂ ಫಲಕದ ಅಕ್ಷರ ಕಾಣುವುದಿಲ್ಲ, ಆದರೆ ಅದರ ಆಕಾರ ಕಾಣುತ್ತದೆ. ಕೆಂಪು ಅಂಚಿನ ವೃತ್ತವೆಂದರೆ ನಿರ್ಬಂಧ. ವೇಗದ ಮಿತಿ ಇರುವುದು ಇದರಲ್ಲೇ. ನೀಲಿ ತುಂಬಿದ ವೃತ್ತವೆಂದರೆ ಹೀಗೆಯೇ ಮಾಡಬೇಕೆಂಬ ಆಜ್ಞೆ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ. ನೀಲಿ ಚೌಕ ಆಸ್ಪತ್ರೆ, ಪೆಟ್ರೋಲ್ ಬಂಕ್ ಮುಂತಾದವುಗಳ ಮಾಹಿತಿ. ತಲೆಕೆಳಗಾದ ತ್ರಿಕೋನ ಮತ್ತು ಎಂಟು ಮೂಲೆಯ ಕೆಂಪು ಫಲಕ ಎರಡಕ್ಕೆ ಮಾತ್ರ ಸ್ವಂತ ಆಕಾರವಿದೆ. ಮೊದಲನೆಯದು ‘ದಾರಿ ಬಿಡಿ’, ಎರಡನೆಯದು ‘ನಿಲ್ಲಿ’. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಹೆದ್ದಾರಿಯ ವಾಹನಗಳಿಗೆ ದಾರಿ ಬಿಡಬೇಕಾದವರು ಸೇರುವವರೇ ಎಂಬುದನ್ನು ಆ ತಲೆಕೆಳಗಾದ ತ್ರಿಕೋನ ಹೇಳುತ್ತದೆ. ನಮ್ಮ ಕಡೆ ಇದನ್ನು ಪಾಲಿಸುವವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ.

ವೇಗದ ವಿಷಯದಲ್ಲಿ ಒಂದು ಗೊಂದಲವಿದೆ. ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಗರಿಷ್ಠ 100 ಕಿ.ಮೀ. ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿರುವುದು ನಿಜ. ಆದರೆ ಅದು ಮೇಲ್ಮಿತಿ ಮಾತ್ರ. ಉಚ್ಚಿಲ, ಕೋಟದಂತಹ ಪೇಟೆಯೊಳಗೆ ಅದಕ್ಕಿಂತ ಕಡಿಮೆ ಸಂಖ್ಯೆಯ ವೃತ್ತ ಕಂಡಲ್ಲಿ ಆ ಸಂಖ್ಯೆಯೇ ಕಾನೂನು.

ಮೂರನೆಯ ಹಂತ: ಊರಿನ ಹೆಸರುಗಳ ಎರಡೆರಡು ರೂಪಗಳನ್ನು ನೆನಪಿಡಿರಿ

ಹಸಿರು ಹಲಗೆಯ ಮೇಲೆ ಬಿಳಿಯ ಅಕ್ಷರಗಳಲ್ಲಿರುವ ದಿಕ್ಕಿನ ಫಲಕಗಳು ದೊಡ್ಡ ಊರುಗಳಿಗೆ ಸರಿಯಾಗಿಯೇ ದಾರಿ ತೋರಿಸುತ್ತವೆ. ತೊಡಕಾಗುವುದು ಹೆಸರುಗಳಲ್ಲಿ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ‘ಮಂಗಳೂರು’ ಎಂದೇ ಬರೆಯಬೇಕೆಂದಾಯಿತು. ಹಳೆಯ ಹಲಗೆಗಳಲ್ಲಿ ‘ಮ್ಯಾಂಗಲೋರ್’ ಉಳಿದಿರಬಹುದು. ಕಾಪು ಎಂಬುದನ್ನು ಇಂಗ್ಲಿಷಿನ ಹಳೆಯ ಕಾಗುಣಿತದಲ್ಲಿ ಓದಿದರೆ ‘ಕೌಪ್’ ಆಗುತ್ತದೆ. ಪಂಪ್‌ವೆಲ್ ವೃತ್ತಕ್ಕೆ ಮಹಾವೀರ ವೃತ್ತವೆಂಬ ಹೆಸರಿದ್ದರೂ ಆ ಹೆಸರು ಹೇಳಿ ದಾರಿ ಕೇಳಿದರೆ ರಿಕ್ಷಾದವರು ಒಂದು ಕ್ಷಣ ಯೋಚಿಸುತ್ತಾರೆ. ಇನ್ನು ‘ಕುಡ್ಲ’, ‘ಒಡಿಪು’ ಎಂಬ ತುಳು ಹೆಸರುಗಳು ಕಿವಿಗೆ ಬೀಳುತ್ತವೆಯೇ ಹೊರತು ಹೆದ್ದಾರಿಯ ಹಲಗೆಗೆ ಏರಿಲ್ಲ. ಹೊರಗಿನಿಂದ ಬರುವ ನೆಂಟರಿಗೆ ದಾರಿ ಹೇಳುವಾಗ ಫಲಕದಲ್ಲಿರುವ ಹೆಸರನ್ನೂ ಜನ ಹೇಳುವ ಹೆಸರನ್ನೂ ಒಟ್ಟಿಗೆ ಕೊಡುವುದು ಒಳ್ಳೆಯದು. ಜೊತೆಗೆ, ಮೇಲ್ಸೇತುವೆ ಇರುವ ಊರಾದರೆ ಅದಕ್ಕೆ ಮುಂಚೆಯೇ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯಬೇಕೆಂದು ತಿಳಿಸಬೇಕು. ಊರು ಕಣ್ಣಿಗೆ ಬಿದ್ದ ಮೇಲೆ ಇಳಿಯುತ್ತೇನೆ ಎಂದುಕೊಂಡವರು ಅಷ್ಟರಲ್ಲಿ ಸೇತುವೆಯ ಮೇಲಿರುತ್ತಾರೆ.

ನಾಲ್ಕನೆಯ ಹಂತ: ಟೋಲ್ ಯಾವುದಕ್ಕೆಂದು ಅರ್ಥ ಮಾಡಿಕೊಳ್ಳಿರಿ

ಜಗಳಗಳೆಲ್ಲ ಹುಟ್ಟುವುದು ಇಲ್ಲಿ. ನಮ್ಮ ಹೆದ್ದಾರಿಯಲ್ಲಿ ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರುಗಳಲ್ಲಿ ಟೋಲ್‌ಗೇಟುಗಳಿವೆ. ಪ್ರತಿ ಗೇಟಿನ ಹಿಂದೆಯೂ ಇಂತಿಷ್ಟು ಕಿಲೋಮೀಟರ್ ಎಂಬ ಉದ್ದವೊಂದಿರುತ್ತದೆ. ದರ ಲೆಕ್ಕ ಹಾಕುವುದು ಆ ಇಡೀ ಉದ್ದಕ್ಕೆ, ನೀವು ಓಡಿಸಿದ ದೂರಕ್ಕಲ್ಲ. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು 2008ರ ಪ್ರಕಾರ ಚತುಷ್ಪಥದಲ್ಲಿ ಕಾರಿಗೆ 2007–08ರ ಮೂಲದರ ಕಿಲೋಮೀಟರಿಗೆ 65 ಪೈಸೆ; ಅದಕ್ಕೆ ವರ್ಷಕ್ಕೆ ಶೇ 3ರಷ್ಟನ್ನೂ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40ರಷ್ಟನ್ನೂ ಸೇರಿಸುತ್ತಾ ಬಂದು ಪ್ರತಿ ಏಪ್ರಿಲ್ 1ಕ್ಕೆ ಹೊಸ ದರ ಮಾಡಲಾಗುತ್ತದೆ. ಇದರಿಂದ ಆಗುವ ವಿಚಿತ್ರವನ್ನು ನೋಡಿರಿ. ಮೂಲ್ಕಿಯವರು ಶಾಂಭವಿ ಹೊಳೆ ದಾಟಿ ಪಡುಬಿದ್ರಿಯ ಸಂತೆಗೆ ಬಂದರೆ ಹೆಜಮಾಡಿಯಲ್ಲಿ ಪೂರ್ತಿ ಶುಲ್ಕ. ಪಡುಬಿದ್ರಿಯವರು ಅದೇ ರಸ್ತೆಯಲ್ಲಿ ಉಡುಪಿಯನ್ನೂ ದಾಟಿ ಬ್ರಹ್ಮಾವರದವರೆಗೆ ಹೋಗಿ ಬಂದರೂ ಎರಡು ಗೇಟುಗಳ ನಡುವೆಯೇ ಇರುವುದರಿಂದ ಒಂದು ರೂಪಾಯಿಯೂ ಇಲ್ಲ. ಗೇಟಿನಲ್ಲಿ ಕುಳಿತ ಹುಡುಗನ ಬಳಿ ಇದಕ್ಕೆ ಉತ್ತರವಿರುವುದಿಲ್ಲ, ಅವನನ್ನು ಬೈದು ಪ್ರಯೋಜನವೂ ಇಲ್ಲ.

ಎರಡು ಗೇಟುಗಳ ನಡುವೆ 60 ಕಿ.ಮೀ. ಇರಬೇಕಲ್ಲವೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಿಯಮದಲ್ಲಿ ಆ ಮಾತು ಇದೆ. ಕಾರಣವನ್ನು ಬರೆದು ದಾಖಲಿಸಿ ಅದಕ್ಕಿಂತ ಹತ್ತಿರದಲ್ಲೂ ಗೇಟು ಹಾಕಬಹುದೆಂಬ ಅವಕಾಶವೂ ಅದೇ ನಿಯಮದಲ್ಲಿದೆ. ಬಂದರಿಗೆ ಸಂಪರ್ಕ ಕೊಡುವ ಸುರತ್ಕಲ್–ಬಿ.ಸಿ. ರೋಡ್ ರಸ್ತೆ ಒಂದು ಯೋಜನೆ, ಕುಂದಾಪುರದ ಕಡೆಗಿನ ಚತುಷ್ಪಥ ಇನ್ನೊಂದು ಯೋಜನೆಯಾಗಿದ್ದರಿಂದ ಸುರತ್ಕಲ್‌ನಲ್ಲೊಂದು, ಸ್ವಲ್ಪವೇ ದೂರದ ಹೆಜಮಾಡಿಯಲ್ಲೊಂದು ಗೇಟು ಬಂದವು. ದೀರ್ಘ ಹೋರಾಟದ ಬಳಿಕ 2022ರ ಡಿಸೆಂಬರ್ 1ರಿಂದ ಸುರತ್ಕಲ್‌ನಲ್ಲಿ ವಸೂಲಿ ನಿಂತಿತು.

ಐದನೆಯ ಹಂತ: ದರಪಟ್ಟಿಯಲ್ಲಿ ನಿಮ್ಮ ಕಾಲಮ್ ಹುಡುಕಿರಿ

ಗೇಟಿಗೆ ಮೊದಲು ನಿಲ್ಲಿಸಿರುವ ದೊಡ್ಡ ಹಲಗೆಯಲ್ಲಿ ಹೆಚ್ಚಿನವರು ಓದುವುದು ಮೊದಲ ಅಂಕಿಯನ್ನು ಮಾತ್ರ. ಅದು ಒಂದು ಬಾರಿಯ ಪ್ರಯಾಣದ ದರ. ಪಕ್ಕದ್ದು 24 ಗಂಟೆಯೊಳಗೆ ಹೋಗಿ ಬರುವುದಕ್ಕೆ, ಅಂದರೆ ಮೊದಲಿನದರ ಒಂದೂವರೆ ಪಟ್ಟು. ಫಾಸ್ಟ್ಯಾಗ್ ಇದ್ದರೆ ಹಿಂದಿರುಗುವಾಗ ತಾನಾಗಿಯೇ ಅರ್ಧ ಕಡಿತವಾಗಬೇಕು. ಮೂರನೆಯದು ತಿಂಗಳ ಪಾಸು, 50 ಪ್ರಯಾಣದ ಮೊತ್ತದ ಮೂರನೇ ಎರಡರಷ್ಟು. ನಾಲ್ಕನೆಯದು ಆ ಗೇಟು ಇರುವ ಜಿಲ್ಲೆಯಲ್ಲೇ ನೋಂದಣಿಯಾದ ವಾಣಿಜ್ಯ ವಾಹನಗಳಿಗೆ, ಒಂದು ಬಾರಿಯ ದರದ ಅರ್ಧ. ರಾಷ್ಟ್ರೀಯ ಪರ್ಮಿಟ್ ಪಡೆದ ಲಾರಿಗಳಿಗೆ ಇದು ಸಿಗುವುದಿಲ್ಲ. ಹೆಜಮಾಡಿ ಉಡುಪಿ ಜಿಲ್ಲೆಯಲ್ಲಿದೆ. ಆದ್ದರಿಂದ ದೂರದ ಬೈಂದೂರಿನ ‘ಕೆಎ 20’ ಟೆಂಪೊಗೆ ಈ ರಿಯಾಯಿತಿ ಉಂಟು, ಹೊಳೆಯಾಚೆಯ ಮೂಲ್ಕಿಯ ‘ಕೆಎ 19’ ಟೆಂಪೊಗೆ ಇಲ್ಲ.

ಸ್ವಂತ ಬಳಕೆಯ ಕಾರಿಗೆ ನೋಂದಣಿ ಸಂಖ್ಯೆಯಲ್ಲ, ಮನೆಯ ವಿಳಾಸ ಮುಖ್ಯ. ಗೇಟಿನಿಂದ 20 ಕಿ.ಮೀ. ಒಳಗೆ ವಾಸಿಸುವವರಿಗೆ ಸ್ಥಳೀಯ ಮಾಸಿಕ ಪಾಸು ಇದೆ. 2007–08ರಲ್ಲಿ 150 ರೂಪಾಯಿ ಇದ್ದದ್ದು 2025–26ಕ್ಕೆ 350 ಆಗಿತ್ತು. ಸರ್ವಿಸ್ ರಸ್ತೆ ಅಥವಾ ಬದಲಿ ರಸ್ತೆ ಇದ್ದಲ್ಲಿ ಇದನ್ನು ಕೊಡಬೇಕಾಗಿಲ್ಲ ಎಂಬ ಷರತ್ತೂ ಇದೆ. ಆರ್‌ಸಿ ಮತ್ತು ವಿಳಾಸದ ದಾಖಲೆಯನ್ನು ಹಿಡಿದು ಗೇಟಿನ ಕಚೇರಿಗೇ ಹೋಗಿ ಕೇಳಬೇಕು.

2025ರ ಆಗಸ್ಟ್ 15ರಂದು ಬಂದ ವಾರ್ಷಿಕ ಪಾಸು ಬೇರೆಯದೇ ಲೆಕ್ಕ. ಆರಂಭದಲ್ಲಿ 3,000 ರೂಪಾಯಿಗೆ 200 ಪ್ರಯಾಣ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಒಂದು ಗೇಟು ದಾಟಿದರೆ ಒಂದು ಪ್ರಯಾಣ, ಹಿಂದಿರುಗಿದರೆ ಇನ್ನೊಂದು. ಸರಾಸರಿ 15 ರೂಪಾಯಿ ಬಿದ್ದಂತಾಯಿತು. ಉಡುಪಿಯಿಂದ ದಿನವೂ ಮಂಗಳೂರಿನ ಕೆಲಸಕ್ಕೆ ಹೋಗುವವರು ತಿಂಗಳಿಗೆ 25 ದಿನದಂತೆ ಹೆಜಮಾಡಿಯನ್ನು 50 ಬಾರಿ ದಾಟುವುದರಿಂದ ಅವರ 200 ಪ್ರಯಾಣಗಳು ನಾಲ್ಕೇ ತಿಂಗಳಿಗೆ ಮುಗಿದು, ವರ್ಷಕ್ಕೆ ಮೂರು ಪಾಸು ಎಂದರೆ ಆ ಆರಂಭದ ದರದಲ್ಲೇ 9,000 ರೂಪಾಯಿ ಬೇಕಾಗುತ್ತದೆ. ಪಡುಬಿದ್ರಿಯವರಿಗೆ ಸ್ಥಳೀಯ ಪಾಸು ಸಿಕ್ಕಿದರೆ 2025–26ರ ದರದಲ್ಲಿ ತಿಂಗಳಿಗೆ 350ರಂತೆ ವರ್ಷಕ್ಕೆ 4,200ರಲ್ಲಿ ಮುಗಿಯಿತು, ಆದರೆ ಅದು ಆ ಒಂದು ಗೇಟಿಗೆ ಮಾತ್ರ. ತಿಂಗಳಿಗೊಮ್ಮೆ ಬೆಂಗಳೂರು, ಆಗಾಗ ಗೋವಾ ಎಂದು ಓಡಾಡುವವರಿಗೆ ನನ್ನ ಮಟ್ಟಿಗೆ ವಾರ್ಷಿಕ ಪಾಸೇ ಲಾಭ. ಇದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ರಾಜ್ಯ ಹೆದ್ದಾರಿಯ ಗೇಟುಗಳಲ್ಲಿ ನಡೆಯುವುದಿಲ್ಲವಾದ್ದರಿಂದ ಫಾಸ್ಟ್ಯಾಗ್ ಖಾತೆಯಲ್ಲಿ ಬೇರೆ ಹಣವನ್ನೂ ಇಟ್ಟಿರಬೇಕು. ‘ರಾಜ್‌ಮಾರ್ಗ್‌ಯಾತ್ರಾ’ ಆ್ಯಪ್‌ನಲ್ಲಿ ಇದನ್ನು ಪಡೆಯಬಹುದು. ದ್ವಿಚಕ್ರ ವಾಹನದವರು ಈ ಹಂತವನ್ನು ಪೂರ್ತಿ ಬಿಟ್ಟುಬಿಡಬಹುದು, ಅವರಿಗೆ ಶುಲ್ಕವಿಲ್ಲ.

ಆರನೆಯ ಹಂತ: ಗೇಟಿನಲ್ಲಿ

ಫಾಸ್ಟ್ಯಾಗ್ ಸ್ಟಿಕರನ್ನು ಮುಂದಿನ ಗಾಜಿಗೆ ಒಳಗಿನಿಂದ ಅಂಟಿಸಿಯೇ ಇರಬೇಕು. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗನ್ನು ಕಪ್ಪುಪಟ್ಟಿಗೆ ಸೇರಿಸುವ ಕ್ರಮ 2025ರಲ್ಲಿ ಬಂದಿದೆ. ಟ್ಯಾಗ್ ಇಲ್ಲದಿದ್ದರೆ ಅಥವಾ ಅದರಲ್ಲಿ ಹಣವಿಲ್ಲದಿದ್ದರೆ 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಒಂದೂಕಾಲು ಪಟ್ಟು; ನಗದಿಗೆ ಆಗ ಎರಡು ಪಟ್ಟು ಎಂದಾಗಿತ್ತು. ನಿಮ್ಮ ಟ್ಯಾಗ್ ಸರಿಯಾಗಿದ್ದು, ಹಣವೂ ಇದ್ದು, ಗೇಟಿನ ಯಂತ್ರವೇ ಕೆಟ್ಟಿದ್ದರೆ ಶುಲ್ಕವಿಲ್ಲದೆ ಬಿಡಬೇಕು ಮತ್ತು ಶೂನ್ಯ ಮೊತ್ತದ ರಸೀದಿ ಕೊಡಬೇಕು ಎಂಬ ನಿಯಮ 2018ರಿಂದಲೇ ಇದೆ. ಇದನ್ನು ಮೆಲುದನಿಯಲ್ಲಿ ಹೇಳಿದರೂ ಸಾಕು. ಸರದಿ 100 ಮೀಟರಿನ ಹಳದಿ ಗೆರೆ ದಾಟಿದರೆ ಉಚಿತ ಎಂದು ವಾದಿಸಲು ಮಾತ್ರ ಹೋಗಬೇಡಿರಿ. 2021ರ ಆ ಸೂಚನೆಯನ್ನು 2024ರಲ್ಲಿ ಹಿಂದಕ್ಕೆ ಪಡೆಯಲಾಗಿದೆ.

ಕೊನೆಯ ಹಂತ: ಮನೆಗೆ ಬಂದು ಎಸ್‌ಎಂಎಸ್ ನೋಡಿರಿ

ಒಂದು ಮಳೆಗಾಲದ ಸಂಜೆ ಈ ಕಡೆಯ ಗೇಟೊಂದರಲ್ಲಿ ಮೇಲಿನ ಯಂತ್ರ ನನ್ನ ಕಾರಿನ ಸ್ಟಿಕರನ್ನು ಓದಲಿಲ್ಲ. ರೈನ್‌ಕೋಟ್ ಹಾಕಿದ ಹುಡುಗ ಓಡಿಬಂದು, ಕೈಯಂತ್ರವನ್ನು ಅಂಗೈಯಿಂದ ಮಳೆಗೆ ಮರೆಮಾಡಿಕೊಂಡು ಗಾಜಿಗೆ ಹಿಡಿದ. ಬೀಪ್ ಎಂದಿತು, ಗೇಟು ತೆರೆಯಿತು. ರಾತ್ರಿ ನೋಡಿದರೆ ಎರಡು ಎಸ್‌ಎಂಎಸ್ ಬಂದಿದ್ದವು. ಅದೇ ಗೇಟು, ಅದೇ ಮೊತ್ತ, ನಡುವೆ ನಾಲ್ಕು ನಿಮಿಷದ ಅಂತರ. ಇಂಥದ್ದಾದಾಗ ಗೇಟಿಗೆ ಮರಳಿ ಹೋಗುವ ಅಗತ್ಯವಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿನ ಸಹಾಯವಾಣಿಗೆ ಅಥವಾ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಎರಡೂ ಕಡಿತಗಳ ದಿನಾಂಕ, ಸಮಯ, ಗೇಟಿನ ಹೆಸರನ್ನು ಎಸ್‌ಎಂಎಸ್‌ನಲ್ಲಿ ಇದ್ದಂತೆಯೇ ಓದಿ ಹೇಳಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಹಣ ಮರಳಿ ಬರುವವರೆಗೆ ಆ ಎರಡೂ ಎಸ್‌ಎಂಎಸ್‌ಗಳನ್ನು ಅಳಿಸಬಾರದು. ನನ್ನ ಹಣ ಎರಡನೆಯ ಕರೆಯ ನಂತರ ಬಂತು.