ಕೋಲ್ಡ್ ಕಾಫಿ, ಪುನರ್ಪುಳಿ: ಸಕ್ಕರೆ ಇಳಿಸುವುದು ಹೇಗೆ?

ಬೇಸಿಗೆ ಬಂತೆಂದರೆ ಕಾಸರಗೋಡು ಕಡೆಯ ಉಪ್ಪಳ, ಕುಂಬಳೆ, ಬದಿಯಡ್ಕದ ಕೂಲ್‌ಬಾರ್‌ಗಳಲ್ಲಿ ಮಿಕ್ಸಿಗೆ ಬಿಡುವಿಲ್ಲ. ಅಲ್ಲಿನ ಕೋಲ್ಡ್ ಕಾಫಿಗೆ ಸಕ್ಕರೆ ಜಾಸ್ತಿ ಬೀಳುವುದಕ್ಕೆ ಕಾರಣವಿದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಬಿಸಿ ಕಾಫಿಗೆ ಸಾಕಾಗುವ ಒಂದು ಚಮಚ ಐಸ್ ಹಾಕಿದ ಲೋಟಕ್ಕೆ ಸಾಲುವುದಿಲ್ಲ. ಅದರ ಮೇಲೆ ಐಸ್‌ಕ್ರೀಮಿನ ಸಕ್ಕರೆ ಬೇರೆ. ಸೇರಿಸಿದ ಸಕ್ಕರೆ (ಜೇನು, ಹಣ್ಣಿನ ರಸದ ಸಕ್ಕರೆಯೂ ಸೇರಿ) ದೊಡ್ಡವರಿಗೆ ದಿನಕ್ಕೆ ಸುಮಾರು 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. 25 ಗ್ರಾಂ ಎಂದರೆ ಐದಾರು ಚಹಾ ಚಮಚ ಅಷ್ಟೇ.

ಕೋಲ್ಡ್ ಕಾಫಿ (ಎರಡು ಲೋಟ)

ಕಾಫಿ ಗಟ್ಟಿಯಾಗಲು ಐಸ್‌ಕ್ರೀಮೇ ಬೇಕೆಂದಿಲ್ಲ. ನಮ್ಮಲ್ಲಿನ ಶಾರ್ಜಾ ಷೇಕಿಗೆ ಆ ಗಟ್ಟಿತನ ಬರುವುದು ಫ್ರೀಜರಿನಲ್ಲಿ ಕಲ್ಲಾದ ಹಾಲು ಮತ್ತು ಬಾಳೆಹಣ್ಣಿನಿಂದ. ಕಾಫಿಗೂ ಅದೇ ಉಪಾಯ ಸಾಕು.

ಹಿಂದಿನ ರಾತ್ರಿಯೇ ಕಾಯಿಸಿ ಆರಿಸಿದ 200 ಮಿ.ಲೀ. ಹಾಲನ್ನು ಐಸ್ ಟ್ರೇಗೆ ಹೊಯ್ಯಿರಿ. ಒಂದು ಕದಳಿ ಬಾಳೆಹಣ್ಣನ್ನು ಬಿಲ್ಲೆ ಮಾಡಿ ಫ್ರೀಜರಿನಲ್ಲಿಡಿ. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಿದ್ದ ಹಣ್ಣೇ ಆಗಬೇಕು, ದೋರೆಗಾಯಿ ಹಾಕಿದರೆ ಕಾಫಿ ಒಗರಾಗುತ್ತದೆ.

ಬೆಳಿಗ್ಗೆ ಫಿಲ್ಟರಿಗೆ 20 ಗ್ರಾಂ ಕಾಫಿಪುಡಿ ಹಾಕಿ, ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು 120 ಮಿ.ಲೀ. ಹೊಯ್ದು, 20 ನಿಮಿಷ ಇಳಿಯಲು ಬಿಡಿ. ಡಿಕಾಕ್ಷನ್ ಪೂರ್ತಿ ತಣಿಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಬೆಚ್ಚಗಿರುವಾಗಲೇ ಸುರಿದರೆ ಹಾಲಿನ ಐಸ್ ಕರಗಿ ಪಾನೀಯ ನೀರಾಗುತ್ತದೆ.

ಈಗ ಮಿಕ್ಸಿಗೆ ಹಾಲಿನ ಐಸ್, ಹಣ್ಣು, ಡಿಕಾಕ್ಷನ್, 100 ಮಿ.ಲೀ. ತಣ್ಣನೆಯ ಹಾಲು, ಎರಡು ಏಲಕ್ಕಿಯ ಪುಡಿ, ಚಿಟಿಕೆ ಉಪ್ಪು, ಎರಡು ಚಹಾ ಚಮಚ ಸಕ್ಕರೆ ಹಾಕಿ. ಉಪ್ಪು ಕಹಿಯನ್ನು ತಗ್ಗಿಸುವುದರಿಂದ ಸಿಹಿ ಎದ್ದು ಕಾಣುತ್ತದೆ. ತಡೆದು ತಡೆದು ಅರ್ಧ ನಿಮಿಷ ತಿರುಗಿಸಿದರೆ ಸಾಕು. ಮನೆಯವರಿಗೆ ಸಪ್ಪೆಯೆನಿಸಿದರೆ ನಾಲ್ಕು ಚಮಚದಿಂದ ಶುರುಮಾಡಿ ವಾರಕ್ಕೆ ಅರ್ಧ ಚಮಚ ಇಳಿಸಿ. ಬೆಲ್ಲವೂ ಹೆಚ್ಚಿನಂಶ ಸಕ್ಕರೆಯೇ, ಮಧುಮೇಹ ಇರುವವರಿಗೆ ಅದು ಪರಿಹಾರವಲ್ಲ.

ಪುನರ್ಪುಳಿ (ನಾಲ್ಕು ಲೋಟ)

ಭರಣಿಯಲ್ಲಿ ಪುನರ್ಪುಳಿಯ (ಕೋಕಂ) ಸಿಪ್ಪೆಗೆ ಸಕ್ಕರೆ ತುಂಬಿಸಿಡುವ ಸಿರಪ್ಪಿನಲ್ಲಿ ಸಕ್ಕರೆ ರುಚಿಗಷ್ಟೇ ಅಲ್ಲ, ಕೆಡದಂತೆ ಕಾಯುವುದೂ ಅದೇ. ಅಲ್ಲಿ ಸಕ್ಕರೆ ಕಡಿತ ಮಾಡಿದರೆ ಸಿರಪ್ ಹುಳಿತು ನೊರೆ ಬರುತ್ತದೆ. ಹಾಗಾಗಿ ಕಡಿಮೆ ಸಿಹಿಯದ್ದು ಬೇಕಾದರೆ ಒಣಸಿಪ್ಪೆಯಿಂದ ಆಗಾಗ ಮಾಡಿಕೊಳ್ಳುವುದೇ ಸರಿ.

ಹತ್ತು ಒಣಸಿಪ್ಪೆಗಳನ್ನು ತೊಳೆದು ಅರ್ಧ ಲೀಟರ್ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕೈಯಲ್ಲಿ ಕಿವುಚಿ ಸೋಸಿ. ಪಾತ್ರೆ ಸ್ಟೀಲ್ ಅಥವಾ ಗಾಜಿನದ್ದಿರಲಿ. ಹುಳಿಗೆ ಅಲ್ಯುಮಿನಿಯಂ, ತಾಮ್ರ ಬೇಡ. ನಾಲ್ಕು ಚಹಾ ಚಮಚ ಬೆಲ್ಲದ ಪುಡಿ, ಕಾಲು ಚಮಚ ಹುರಿದ ಜೀರಿಗೆಯ ಪುಡಿ, ಬೇಕಾದಷ್ಟು ತಣ್ಣೀರು ಸೇರಿಸಿ. ಉಪ್ಪು ಕೊನೆಗೆ, ರುಚಿ ನೋಡಿಯೇ ಹಾಕಿ, ಏಕೆಂದರೆ ಕೆಲವರು ಉಪ್ಪು ಬೆರೆಸಿ ಒಣಗಿಸಿರುತ್ತಾರೆ. ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ.

ಪೇಟೆಯಲ್ಲಿ ಕುಡಿಯುವಾಗ ಷೇಕಿಗೋ ಕಾಫಿಗೋ ಮಲಯಾಳದಲ್ಲಿ 'ಮಧುರಂ ಕುರಚ್ಚು ಮದಿ' (ಸಿಹಿ ಸ್ವಲ್ಪ ಸಾಕು) ಎಂದರೆ ನಡೆಯುತ್ತದೆ. ಸಿರಪ್ ಪಾನೀಯಕ್ಕೆ ಆ ಮಾತು ಸಾಲದು, ಸಕ್ಕರೆ ಮೊದಲೇ ಬಾಟಲಿಯೊಳಗಿದೆ. ಸಿರಪ್ಪನ್ನೇ ಅರ್ಧ ಹಾಕಲು ಹೇಳಿ, ಇಲ್ಲವೇ ಲಿಂಬೆಸೋಡಾಕ್ಕೆ ಉಪ್ಪು ಹಾಕಿಸಿಕೊಳ್ಳಿ.