ಕೀ ಉತ್ತರದ ತಕರಾರು: ನ್ಯಾಯಮಂಡಳಿಯ ಮೆಟ್ಟಿಲೇರುವ ಮುನ್ನ

ನೇಮಕಾತಿ ಪರೀಕ್ಷೆಯ ಕೀ ಉತ್ತರ (ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಸರಿಯುತ್ತರಗಳ ಪಟ್ಟಿ) ತಪ್ಪಾಗಿದೆ ಎಂದು ಬೆಳಗಾವಿಯ ವಕೀಲರ ಕಚೇರಿಗೆ ಬರುವ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಬರುವುದು ಆಯ್ಕೆ ಪಟ್ಟಿ ಹೊರಬಿದ್ದ ಮೇಲೆ. ಆದರೆ ಇಂತಹ ಪ್ರಕರಣಕ್ಕೆ ಬುನಾದಿ ಬೀಳುವುದು ತಾತ್ಕಾಲಿಕ ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸಲು ಕೊಟ್ಟ ಕೆಲವೇ ದಿನಗಳಲ್ಲಿ. ಪ್ರಶ್ನೆಪತ್ರಿಕೆಯ ಶ್ರೇಣಿ (ಎ, ಬಿ ಮುಂತಾದ ಸರಣಿ), ಪ್ರಶ್ನೆಯ ಸಂಖ್ಯೆ, ಸರಿಯುತ್ತರವಿರುವ ಪುಸ್ತಕದ ಮುಖಪುಟ ಮತ್ತು ಆ ಪುಟದ ನಕಲು ಇವಿಷ್ಟನ್ನು ಲಗತ್ತಿಸಿ ಆಕ್ಷೇಪಣೆ ಸಲ್ಲಿಸಬೇಕು. ಅದರ ಸ್ವೀಕೃತಿಯನ್ನು ಒಎಂಆರ್ ಹಾಳೆಯ (ಉತ್ತರಗಳನ್ನು ಗುರುತು ಮಾಡುವ ಹಾಳೆ) ಕಾರ್ಬನ್ ಪ್ರತಿಯೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಗೈಡುಗಳ ಪುಟಗಳಿಗೆ ಬೆಲೆ ಕಡಿಮೆ. ಸರ್ಕಾರಿ ಪಠ್ಯಪುಸ್ತಕ, ಗ್ಯಾಸೆಟಿಯರ್, ಮೂಲ ಕಾಯ್ದೆಗಳಿಗೆ ತೂಕ ಹೆಚ್ಚು.

ನ್ಯಾಯಾಲಯದ ಅಳತೆಗೋಲು ಕಟ್ಟುನಿಟ್ಟಾದುದು. ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ (1983) ಸುಪ್ರೀಂ ಕೋರ್ಟ್, ಕೀ ಉತ್ತರವನ್ನು ಸರಿಯೆಂದೇ ಭಾವಿಸಬೇಕು, ಅದು ತಪ್ಪೆಂಬುದು ತರ್ಕದ ಸರಪಳಿಯಿಲ್ಲದೆ ನಿಚ್ಚಳವಾಗಿ ಕಾಣಬೇಕು ಎಂದಿತು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಯಾವುದೆಂಬ ಪ್ರಶ್ನೆಗೆ ಕೀ ಉತ್ತರ ‘ಘಟಪ್ರಭಾ’ ಎಂದಿದೆ ಎಂದುಕೊಳ್ಳಿ. ಅಲ್ಲಿ ಸೇರುವುದು ಮಲಪ್ರಭಾ. ಘಟಪ್ರಭೆ ಸೇರುವುದು ಚಿಕ್ಕಸಂಗಮದಲ್ಲಿ. ಬಾಗಲಕೋಟೆಯ ಶಾಲಾಮಕ್ಕಳಿಗೂ ತಿಳಿದ ಈ ತಪ್ಪನ್ನು ತೋರಿಸಲು ಒಂದು ನಕಾಶೆ ಸಾಕು. ಅದೇ ‘ಬಾದಾಮಿ ಚಾಲುಕ್ಯರ ಪತನಕ್ಕೆ ಪ್ರಮುಖ ಕಾರಣ’ ಎಂಬ ಪ್ರಶ್ನೆಯಾದರೆ ಎರಡು ಪುಸ್ತಕ ಎರಡು ಮಾತು ಹೇಳುತ್ತವೆ, ಅಲ್ಲಿಗೆ ಅಭ್ಯರ್ಥಿಯ ವಾದ ಸೋಲುತ್ತದೆ. ಸಂದೇಹವಿದ್ದಲ್ಲಿ ಅದರ ಲಾಭ ಪರೀಕ್ಷಾ ಪ್ರಾಧಿಕಾರಕ್ಕೇ ಸಲ್ಲಬೇಕೆಂದು ರಣ್ ವಿಜಯ್ ಸಿಂಗ್ ಪ್ರಕರಣ (2017) ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಹತ್ತು ಪ್ರಶ್ನೆಗಳನ್ನು ಎತ್ತಿ ಹೋಗುವುದಕ್ಕಿಂತ ಗಟ್ಟಿಯಾದ ಎರಡನ್ನೇ ಹಿಡಿದು ಹೋಗುವುದು ಲೇಸು. 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕಂಡಂತಹ ಭಾಷಾಂತರದ ದೋಷ ಬೇರೆಯೇ ತಕರಾರು. ಅದನ್ನು ಕೀ ಉತ್ತರದ ತಕರಾರಿನೊಡನೆ ಬೆರೆಸಬಾರದು.

ಅರ್ಜಿ ಬರೆಸುವ ಮೊದಲು ಲೆಕ್ಕ ಹಾಕಿ ನೋಡಬೇಕು. ಪ್ರಶ್ನೆಯನ್ನು ಕೈಬಿಟ್ಟರೆ ಅಥವಾ ಎಲ್ಲರಿಗೂ ಕೃಪಾಂಕ ಕೊಟ್ಟರೆ ನಿಮ್ಮ ಸ್ಥಾನ ಮೇಲೇರುತ್ತದೆಯೇ? ಗೆದ್ದೂ ಪಟ್ಟಿಯಿಂದ ಹೊರಗುಳಿಯುವವರುಂಟು.

ರಾಜ್ಯದ ಹುದ್ದೆಗಳ ನೇಮಕಾತಿ ವಿವಾದ 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಂತೆ ಮೊದಲು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ; ಅದರ ಪೀಠ ಬೆಳಗಾವಿಯಲ್ಲಿಯೂ ಇದೆ. ಎಲ್. ಚಂದ್ರಕುಮಾರ್ ತೀರ್ಪಿನ (1997) ಬಳಿಕ ನೇರವಾಗಿ ಹೈಕೋರ್ಟಿಗೆ ಹೋದರೆ ಹಿಂದಕ್ಕೆ ಕಳುಹಿಸುತ್ತಾರೆ. ನ್ಯಾಯಮಂಡಳಿಯ ಆದೇಶವನ್ನು ಪ್ರಶ್ನಿಸುವಾಗ ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಕಾಲಮಿತಿ ಒಂದು ವರ್ಷವೆಂದು ಕಾಯ್ದೆ ಹೇಳಿದರೂ, ನೇಮಕಾತಿ ಆದೇಶಗಳು ಕೈಸೇರುವ ಮೊದಲೇ ಹೋಗುವುದು ಒಳ್ಳೆಯದು. ರಾಜೇಶ್ ಕುಮಾರ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ತಪ್ಪು ಕೀ ಉತ್ತರವನ್ನು ಸರಿಪಡಿಸಿ ಮರುಮೌಲ್ಯಮಾಪನ ಮಾಡಿಸಿತಾದರೂ, ಅದಾಗಲೇ ಕೆಲಸಕ್ಕೆ ಸೇರಿದವರನ್ನು ಹೊರಹಾಕಲಿಲ್ಲ. ಆಯ್ಕೆಯಾದವರು ಬಾಧಿತರಾಗುವುದಾದರೆ ಅವರನ್ನು ಪ್ರತಿವಾದಿಗಳನ್ನಾಗಿ ಸೇರಿಸಲೇಬೇಕು. ಈ ಒಂದು ಲೋಪದಿಂದಲೇ ಅರ್ಜಿ ಬಿದ್ದುಹೋಗಬಹುದು.

ಅರ್ಜಿಯ ಪ್ರಾರ್ಥನೆಯಲ್ಲಿ, ಅಂದರೆ ಪರಿಹಾರ ಕೋರುವ ಭಾಗದಲ್ಲಿ, ‘ನನಗೆ ಅಂಕ ಕೊಡಿಸಿ’ ಎಂದು ಬರೆಯಬೇಡಿ. ಇಂತಿಂಥ ಪ್ರಶ್ನೆಗಳನ್ನು ಹೊಸ ತಜ್ಞರ ಸಮಿತಿಗೆ ಒಪ್ಪಿಸಿ, ಅದರ ವರದಿಯಂತೆ ಪಟ್ಟಿ ಪರಿಷ್ಕರಿಸಬೇಕೆಂದು ಕೇಳಿ. ಜೊತೆಗೆ, ಅರ್ಜಿ ಇತ್ಯರ್ಥವಾಗುವವರೆಗೆ ನಿಮ್ಮ ಪ್ರವರ್ಗದ ಒಂದು ಹುದ್ದೆಯನ್ನು ಖಾಲಿ ಇಡಬೇಕೆಂಬ ಮಧ್ಯಂತರ ಆದೇಶವನ್ನೂ ಕೋರಿ.