ಕುದಿಸಿದ ನೀರೇ ಸಾಕಾಯ್ತು: ನನ್ನ ಪ್ರೋಟಾನ್ ಮ್ಯಾಗ್ನೆಟೋಮೀಟರಿನ ಸೆನ್ಸರ್

ಪ್ರೋಟಾನ್ ಮ್ಯಾಗ್ನೆಟೋಮೀಟರ್ ಅಂದರೆ ಭೂಮಿಯ ಕಾಂತಕ್ಷೇತ್ರ ಅಳೆಯುವ ಸಾಧನ. ದ್ರವ ತುಂಬಿದ ಬಾಟಲಿಯ ಸುತ್ತಲಿನ ಕಾಯಿಲಿಗೆ ಸ್ವಲ್ಪ ಹೊತ್ತು ಕರೆಂಟ್ ಕೊಟ್ಟು ನಿಲ್ಲಿಸಿದರೆ, ದ್ರವದ ಪ್ರೋಟಾನುಗಳು ಆ ಕ್ಷೇತ್ರಕ್ಕೆ ತಕ್ಕ ಸ್ವರದಲ್ಲಿ ಒಂದೆರಡು ಸೆಕೆಂಡ್ ಹಾಡುತ್ತವೆ. ಅದೇ ಸಿಗ್ನಲ್. ಮೊದಲೇ ಹೇಳಿಬಿಡುತ್ತೇನೆ, ಆ ಸಿಗ್ನಲನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಬಗ್ಗೆ ಇಲ್ಲಿ ಏನೂ ಇಲ್ಲ. ಈ ಹುಚ್ಚು ಇರುವವರೆಲ್ಲ ಅದನ್ನು ಮಾಡಿಯೇ ಇರುತ್ತಾರೆ. ನನ್ನ ಎರಡು ವರ್ಷ ಹೋದದ್ದು ಬಾಟಲಿ, ದ್ರವ, ಸ್ಕ್ರೂ, ಅಂಟು ಇವುಗಳ ಹಿಂದೆ.

ವೈಂಡಿಂಗ್ ವೈರ್ ತಂದದ್ದು ಉಡುಪಿಯ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಿಂದ. 22 ಗೇಜ್, ಕಿಲೋಗೆ ಸಾವಿರದ ಹತ್ತಿರ. ಒಂದೊಂದು ಕಾಯಿಲ್‌ಗೆ 600 ಸುತ್ತು, ಹೀಗೆ ಎರಡು, ಹೊರಗಿನ ಕರೆಂಟಿನ ಗದ್ದಲ ಕಳೆದುಹೋಗಲಿ ಎಂದು ಒಂದಕ್ಕೊಂದು ವಿರುದ್ಧವಾಗಿ. ಎಲ್ಲ ಸೇರಿ ಒಂದೂಕಾಲು ಕಿಲೋ. ಬಾಟಲಿಯಲ್ಲಿ ನೀರು ಹಾಕುತ್ತೇನೆ ಎಂದಾಗ ಅಂಗಡಿಯವರು ನಕ್ಕರು. “ಎಂತ ಮಾರಾಯ್ರೆ, ನೀರು ಕುದಿಸಿ ಭೂಮಿಯನ್ನು ಅಳೆಯುವುದಾ?”

ಅವರು ನಕ್ಕದ್ದು ತಪ್ಪಲ್ಲ. ಮೊದಲ ಸಲ ಹೆಡ್‌ಫೋನಿನಲ್ಲಿ ‘ಟುಂಯ್’ ಎಂದು ಕೇಳಿದಾಗ ನಾನು ಮನೆಯವರಿಗೆಲ್ಲ ಹೋಳಿಗೆ ಹಂಚಿದ್ದೆ. ಮರುದಿನ ಸುಮ್ನೆ ಬಾಟಲಿ ಖಾಲಿ ಮಾಡಿ ನೋಡಿದೆ. ಅದೇ ಟುಂಯ್! ಕಾಯಿಲ್ ಮತ್ತು ಕೆಪ್ಯಾಸಿಟರ್ ತಾವೇ ಗಂಟೆ ಬಾರಿಸುತ್ತಿದ್ದವು, ಪ್ರೋಟಾನ್ ಅಲ್ಲ. ಅಂದಿನಿಂದ ಖಾಲಿ ಬಾಟಲಿಯ ಪರೀಕ್ಷೆ ಮಾಡದೆ ನಾನು ಯಾವ ಸಿಗ್ನಲನ್ನೂ ನಂಬುವುದಿಲ್ಲ.

ದ್ರವದ ವಿಷಯಕ್ಕೆ ಬರೋಣ. ಎಲ್ಲರೂ ಹೇಳುವುದು ಸೀಮೆಎಣ್ಣೆ. ಈಗ ಅದು ಸಿಗುವುದೇ ಕಷ್ಟ. ಮಲ್ಪೆಯ ನಾಡದೋಣಿಯವರ ಎಂಜಿನಿಗೆ ಸಿಗುವ ಪಾಲಿಗೆ ಕೈ ಹಾಕಲು ಮನಸ್ಸಾಗಲಿಲ್ಲ. ಪೇಂಟ್ ಅಂಗಡಿಯ ಟರ್ಪೆಂಟೈನ್ ತಂದೆ. ಸಿಗ್ನಲ್ ಬಂತು, ಸುಮಾರು ಒಂದು ಸೆಕೆಂಡ್. ಆದರೆ ಮುಚ್ಚಳಕ್ಕೆ ಹಚ್ಚಿದ ಗ್ಲೂ ಗನ್ನಿನ ಅಂಟು ವಾರದಲ್ಲೇ ಮೆತ್ತಗಾಯಿತು. ಬಾಟಲಿ ಸೋರಿ ಕಾಯಿಲ್ ಎಲ್ಲ ನೆನೆಯಿತು, ಮನೆಯೆಲ್ಲ ವಾಸನೆ. 2024ರ ಮೇ 10-11ರಂದು ಸೂರ್ಯನ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರವೇ ಅಲುಗಿದ ದೊಡ್ಡ ಕಾಂತೀಯ ಬಿರುಗಾಳಿ ಬಂದಾಗ ನಾನು ಹಳೆಯ ಲುಂಗಿಯಲ್ಲಿ ಟರ್ಪೆಂಟೈನ್ ಒರೆಸುತ್ತಿದ್ದೆ. ಆ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ.

ಆಮೇಲೆ ನೀರು. ನಮ್ಮ ಬೋರ್‌ವೆಲ್ ನೀರು ಹಾಕಿದೆ, ಸಿಗ್ನಲ್ ಕೂಡಲೇ ಸಾಯುತ್ತಿತ್ತು. ಬಕೆಟ್ ತಳದಲ್ಲಿ ಕಂದು ಕಲೆ ಕಟ್ಟುವ ನೀರು ಅದು. ಆ ಕಬ್ಬಿಣವೇ ಪ್ರೋಟಾನನ್ನು ಬೇಗ ಸುಸ್ತು ಮಾಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದ ಮೇಲೆ ಪರವಾಗಿಲ್ಲ ಅನಿಸಿತು. ಅದನ್ನು ಹದಿನೈದು ನಿಮಿಷ ಚೆನ್ನಾಗಿ ಕುದಿಸಿದ ಮೇಲೆ, ಎರಡು ಸೆಕೆಂಡಿಗೂ ಜಾಸ್ತಿ! ಕರಗಿದ ಆಮ್ಲಜನಕ ಹೊರಗೆ ಹೋದದ್ದರ ಫಲ. ಬಿಸಿ ನೀರನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದು, ಅದು ಒಣಗಿದ ಹಾಗಲಕಾಯಿಯ ಹಾಗೆ ಮುದುಡಿದ್ದೂ ಆಯಿತು. ಈಗ ಇರುವುದು ಪ್ಲಾಸ್ಟಿಕ್ ಮುಚ್ಚಳದ ಅರ್ಧ ಲೀಟರಿನ ಗಾಜಿನ ಬಾಟಲಿ. ನೀರು ತಣಿಯುವಾಗ ಮತ್ತೆ ಗಾಳಿ ಸೇರದ ಹಾಗೆ ತುಂಬಲು ಒಂದು ಉಪಾಯ ಇದೆ. ಅದು ನನ್ನಲ್ಲೇ ಇರಲಿ, ನಾಲ್ಕು ಬಾಟಲಿ ಒಡೆದು ಕಲಿತದ್ದು. ನೀರಾದರೆ ಕಾಯಿಲಿಗೆ ಕರೆಂಟ್ ಜಾಸ್ತಿ ಹೊತ್ತು ಕೊಡಬೇಕು, ನಾನು ಐದಾರು ಸೆಕೆಂಡ್ ಕೊಡುತ್ತೇನೆ. ಯುಪಿಎಸ್‌ನ ಎರಡು ಬ್ಯಾಟರಿ ಸೀರೀಸಿನಲ್ಲಿ, ಒಂದೂವರೆ ಆಂಪಿಯರ್.

ನಡುವೆ ತೆಂಗಿನೆಣ್ಣೆಯನ್ನೂ ಹಾಕಿ ನೋಡಿದೆ. ಊರಿನ ಎಣ್ಣೆ ಅಲ್ವಾ ಎಂಬ ಅಭಿಮಾನ. ಏನೂ ಕೇಳಲಿಲ್ಲ. ದಪ್ಪ ಎಣ್ಣೆಯಲ್ಲಿ ಸಿಗ್ನಲ್ ಹುಟ್ಟುವ ಮೊದಲೇ ಮುಗಿದಿರುತ್ತದೆ. ಆ ಎಣ್ಣೆ ಕೊನೆಗೆ ಒಗ್ಗರಣೆಗೆ ಹೋಯಿತು.

ಇಷ್ಟಾದರೂ ಮನೆಯಲ್ಲಿ ಸಿಗ್ನಲ್ ಒಂದು ದಿನ ಬಂದರೆ ನಾಲ್ಕು ದಿನ ಇಲ್ಲ. ನನ್ನದು ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹಂಚಿನ ಮಾಡು. ಮುರಕಲ್ಲು ತುಂಬ ಕಬ್ಬಿಣ. ಹಂಚಂತೂ ಸುಟ್ಟು ತಣಿಯುವಾಗಲೇ ಸಣ್ಣ ಅಯಸ್ಕಾಂತ ಆಗಿರುತ್ತದೆ. ಬಾಟಲಿಯ ಈ ಬದಿಯ ಪ್ರೋಟಾನ್ ಒಂದು ರಾಗ, ಆ ಬದಿಯದ್ದು ಇನ್ನೊಂದು ರಾಗ, ಎರಡೂ ಬೆರೆತು ಸಿಗ್ನಲ್ ಬೇಗ ಸಾಯುತ್ತದೆ. ಹಂಚಿನ ಚೂರೊಂದನ್ನು ಸೆನ್ಸರಿಗೆ ತಾಗಿಸಿ ಇಟ್ಟೆ, ಎರಡು ಸೆಕೆಂಡಿನ ಸಿಗ್ನಲ್ ಅರ್ಧಕ್ಕೆ ಬಂತು. ಅಂಗಳ ಬಿಟ್ಟು ಕೊಯ್ಲಾದ ಗದ್ದೆಯ ನಡುವಿಗೆ ಹೋದೆ.

ಸ್ಕ್ರೂಗಳದ್ದು ಬೇರೆ ಗೋಳು. ಹಿತ್ತಾಳೆ ಎಂದು ಕೊಟ್ಟವರು ಹಿತ್ತಾಳೆ ಬಣ್ಣದ ಕಬ್ಬಿಣ ಕೊಟ್ಟಿದ್ದರು. ಈಗ ಪ್ರತಿ ತುಂಡನ್ನೂ ಥರ್ಮೋಕೋಲ್ ದೋಣಿಯಲ್ಲಿ ಇಟ್ಟು, ಬೋಗುಣಿಯ ನೀರಿನಲ್ಲಿ ತೇಲಿಸಿ, ಹಾರ್ಡ್‌ಡಿಸ್ಕಿನಿಂದ ಬಿಚ್ಚಿದ ಅಯಸ್ಕಾಂತ ಹತ್ತಿರ ತರುತ್ತೇನೆ. ದೋಣಿ ಅಲುಗಿದರೆ ಕಸದ ಬುಟ್ಟಿಗೆ. ಒಂದು ಕೆಂಪು ಮುಚ್ಚಳ ಅಲುಗಿತು, ಬಣ್ಣದಲ್ಲಿ ಕಬ್ಬಿಣ ಇತ್ತು ಅಂತ ಕಾಣುತ್ತದೆ. ಕೊನೆಗೆ ಸ್ಕ್ರೂ ಒಂದೂ ಬೇಡ ಎಂದು ಬಿದಿರಿನ ಮೊಳೆ ಮತ್ತು ನೂಲಿನಲ್ಲಿ ಕಟ್ಟಿದೆ.

ಇನ್ನೊಂದು ಮಾತು. ಹೊರದೇಶದವರ ಕ್ರಮ ನೋಡಿ ಕಾಯಿಲನ್ನು ಪೂರ್ವ-ಪಶ್ಚಿಮ ಮಲಗಿಸಬೇಕಾಗಿಲ್ಲ. ಕಾಯಿಲ್ ಭೂಮಿಯ ಕಾಂತಕ್ಷೇತ್ರಕ್ಕೆ ಅಡ್ಡವಾಗಿದ್ದರೆ ಸಾಕು. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ಮಲಗಿಯೇ ಇದೆ, ಹದಿನೈದು ಡಿಗ್ರಿಯ ಆಸುಪಾಸು ಓರೆ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ನಷ್ಟ ನೂರಕ್ಕೆ ಏಳರಷ್ಟು. ದಿಕ್ಕು ಹುಡುಕುವ ತಲೆನೋವೇ ಇಲ್ಲ.

ಸಿಗ್ನಲ್ಲಿನ ಸ್ವರ ಬೀಳುವುದು 1,700 ಹರ್ಟ್ಜಿಗೂ 1,750 ಹರ್ಟ್ಜಿಗೂ ನಡುವೆ. ಅವೆರಡೂ ಕರೆಂಟಿನ 50 ಹರ್ಟ್ಜ್‌ನ ಮರಿಗಳು, ಅಂದರೆ ಅದರ ಗುಣಕಗಳು, ಅಲ್ಲಿ ಲೈನಿನ ಗದ್ದಲ ಇರುತ್ತದೆ. ನಮ್ಮದು ಮಧ್ಯೆ ನುಸುಳಿದೆ. ಕಾಯಿಲನ್ನು ಈ ಸ್ವರಕ್ಕೆ ಶ್ರುತಿ ಮಾಡಲು ಕೆಪ್ಯಾಸಿಟರ್ 0.22 ಮೈಕ್ರೋಫ್ಯಾರಡ್ ಸರಿಹೋಯಿತು. ಮೊದಲ ಸ್ವಚ್ಛ ಸಿಗ್ನಲ್ ಬಂದದ್ದು ಮಳೆಗಾಲದ ಮುಂಚಿನ ಒಂದು ಸಂಜೆ, ಊರಿಡೀ ಕರೆಂಟ್ ಹೋಗಿದ್ದಾಗ. ಈಗ ಮಧ್ಯಾಹ್ನದ ಹೊತ್ತಿಗೆ ಭೂಮಿಯ ಕಾಂತಕ್ಷೇತ್ರ ಹೆಚ್ಚಿ ಸ್ವರ ಒಂದೂವರೆ ಎರಡು ಹರ್ಟ್ಜ್ ಏರುವುದೂ ಕಾಣುತ್ತದೆ. ಒಂದು ಹರ್ಟ್ಜ್ ಅಂದರೆ ಕಾಂತಕ್ಷೇತ್ರದ ಅಳತೆಯಲ್ಲಿ ಸುಮಾರು 23 ನ್ಯಾನೋಟೆಸ್ಲಾ.

ಖರ್ಚು? ಈಗ ಕೈಯಲ್ಲಿರುವ ಸೆನ್ಸರಿಗೆ ಎರಡು ಸಾವಿರ ಆಗಿರಬಹುದು. ಹಾಳು ಮಾಡಿದ್ದು ಅದರ ಮೂರು ಪಟ್ಟು. ಮನೆಯಲ್ಲಿ ಹೇಳಿದ್ದು ಮೊದಲನೆಯದನ್ನು ಮಾತ್ರ.

ಕಳೆದ ತಿಂಗಳು ರಿವೈಂಡಿಂಗ್ ಅಂಗಡಿಯವರನ್ನು ಗದ್ದೆಗೆ ಕರೆದೆ. ಹೆಡ್‌ಫೋನ್ ಹಾಕಿಕೊಂಡು ಬಾಟಲಿಯ ಮೇಲೆ ಬಗ್ಗಿದರು. “ಎಂತದೂ ಕೇಳುವುದಿಲ್ಲ, ನಾನು ಹೇಳಲಿಲ್ವಾ?” ಎಂದರು. ನೋಡಿದರೆ ಸೊಂಟದಲ್ಲಿ ಅಂಗಡಿಯ ಬೀಗದ ಕೈ ಗೊಂಚಲು, ಕಿಸೆಯಲ್ಲಿ ಸ್ಕ್ರೂಡ್ರೈವರ್. ಎರಡನ್ನೂ ಬೈಕಿನಲ್ಲಿ ಇಟ್ಟು ಬನ್ನಿ ಎಂದೆ. ಹೋಗಿ ಬಂದು ಮತ್ತೆ ಬಗ್ಗಿದರು. ಸ್ವಿಚ್ ಬಿಟ್ಟೆ. ಎರಡು ಸೆಕೆಂಡ್ ಅವರ ಬಾಯಿ ಬಂದ್.